ಅಕ್ಕೋರ ಕ್ರಿಪ್ಟೊ ಕ್ಲಾಸು

ಮೊಬೈಲಿನಲ್ಲಿ ಏನಾದರೂ ಓದಬೇಕಾದರೆ ಅಕ್ಕೋರು ಕನ್ನಡಕವನ್ನು ಹಣೆಗೆ ಏರಿಸಿ, ಪರದೆಯನ್ನು ಮುಖದ ಹತ್ತಿರ ಹತ್ತಿರ ತರುತ್ತಿದ್ದರು. ಕೊನೆಗೆ ಮೂಗಿನ ತುದಿಯೇ ಗಾಜಿಗೆ ತಾಗುತ್ತಿತ್ತು. ತಾಗಿದ್ದೇ ತಡ, ಏನಾದರೊಂದು ತೆರೆದುಕೊಳ್ಳುತ್ತಿತ್ತು. ಆಫೀಸಿನಲ್ಲಿ ಕೂತ ನನಗೆ ಎಷ್ಟೋ ಸಲ ಅವರಿಂದ ವಿಡಿಯೊ ಕಾಲ್ ಬಂದಿದೆ. ಎತ್ತಿದರೆ ಪರದೆ ತುಂಬ ಒಂದು ಮೂಗು, ಅದರ ಮೇಲೆ ಹರಳು ಉದುರಿದ ಮೂಗುತಿ, ಆಚೆಯಿಂದ ದನಿ: "ಯಾರವಾ ಅದು? ನಾ ಯಾರಿಗೂ ಫೋನ್ ಮಾಡಿಲ್ಲ."

ನಮ್ಮ ವಿಜಯಪುರ, ಧಾರವಾಡದ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಈ ಮಹಾನಗರದಲ್ಲಿ, ಗ್ರಾಂಟ್ ರೋಡಿನ ಹತ್ತಿರದ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ ನನಗೆ ನಾಲ್ಕನೇ ಇಯತ್ತೆ ಕಲಿಸಿದವರು ಅವರು. ಅಪ್ಪ ಅಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ನಾವು ಪಾಠ ಓದಿದೆವು ಎಂದರೆ ಅಕ್ಕೋರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಓದಿದ್ಯೋ, ನೋಡಿದ್ಯೋ?" ಈ ಮಾತನ್ನು ಅವರು ನಿಜವಾಗಿ ಆಗಲೇ ಹೇಳುತ್ತಿದ್ದರೋ, ಮುಂದೆ ನಡೆದದ್ದಕ್ಕೆ ಹೊಂದುತ್ತದೆಂದು ನಾನೇ ಹಳೆಯ ನೆನಪಿಗೆ ಸೇರಿಸಿಕೊಂಡೆನೋ ಹೇಳಲಾರೆ. ನನ್ನ ಜೊತೆ ಓದಿದ ಒಬ್ಬಳನ್ನು ಕೇಳಿದೆ. ಅವಳಿಗೆ ಅಕ್ಕೋರ ಸೀರೆಗಳಷ್ಟೇ ನೆನಪಿವೆ.

ಮದುವೆಯಾಗಿ ನಾನು ಮಲಾಡಿಗೆ ಬಂದಾಗ ಅವರು ನಮ್ಮ ಮನೆಯ ಹಿಂದಿನ ಬಿಲ್ಡಿಂಗಿನಲ್ಲೇ ಇದ್ದರು. ನಿವೃತ್ತರಾಗಿದ್ದರು, ಒಬ್ಬರೇ ಇದ್ದರು. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ತರಕಾರಿ ಮಾರ್ಕೆಟಿನಲ್ಲಿ ನಾನು ಗುರುತು ಹೇಳಿಕೊಂಡಾಗ ಕೇಳಿದ ಮೊದಲ ಮಾತು, "ಏನ್ ಓದಿದಿ ಮುಂದ?" ಎಂ.ಕಾಂ. ಎಂದೆ. ಮ್ಯೂಚುವಲ್ ಫಂಡ್ ಕಂಪನಿಯೊಂದರಲ್ಲಿ ಕೆಲಸ ಎಂದೆ. ಅವರು ಪಕ್ಕದಲ್ಲಿದ್ದ ಕೊತ್ತಂಬರಿ ಮಾರುವವಳಿಗೆ ಹಿಂದಿಯಲ್ಲಿ, "ಮೇರೀ ಸ್ಟೂಡೆಂಟ್ ಹೈ" ಎಂದರು. ಅವಳು ಒಂದು ಕಟ್ಟು ಹೆಚ್ಚಿಗೆ ಹಾಕಿದಳು.

ಕ್ರಿಪ್ಟೊ ವಿಷಯ ಶುರುವಾದದ್ದು ರೊಟ್ಟಿ ಕಾಕುವಿನಿಂದ. ಕಾಕು ಅಕ್ಕೋರ ಬಿಲ್ಡಿಂಗಿನ ಕೆಳಗಿನ ಅಂಗಡಿ ಗಾಳೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರುವವರು. ಅವರ ಅಳಿಯ ಮೊಬೈಲಿನಲ್ಲಿ ಒಂದು ಗುಂಪು ಮಾಡಿ, ಕಾಯಿನ್ ಕೊಳ್ಳಿರಿ, ಮೂರು ತಿಂಗಳಲ್ಲಿ ಎರಡು ಪಟ್ಟು ಎಂದು ಬಿಲ್ಡಿಂಗಿನ ಹೆಂಗಸರನ್ನೆಲ್ಲ ಸೇರಿಸಿಕೊಂಡಿದ್ದ. ಅಕ್ಕೋರು ಕೊಳ್ಳಬೇಡಿ ಎನ್ನಲಿಲ್ಲ. "ಓದಾಕ ಬರಲಾರದ್ದರಾಗ ರೊಕ್ಕ ಹಾಕಬ್ಯಾಡ್ರಿ. ಮೊದ್ಲ ಓದೂಣು. ಶನಿವಾರ ನಾಕಕ್ಕ ಬರ್ರಿ" ಎಂದರು.

ಆರು ಹೆಂಗಸರು ಬಂದರು. ಆಗ ಅಕ್ಕೋರಿಗೂ ಏನೂ ಗೊತ್ತಿರಲಿಲ್ಲ. ವಾರಪೂರ್ತಿ ಮೂಗು ತಾಗಿಸಿ ಓದಿ, ಶನಿವಾರ ಕಲಿಸುತ್ತಿದ್ದರು. ಒಂದು ಉದ್ದ ನೋಟ್‌ಬುಕ್ ಮಾಡಿದ್ದರು. ಬೆಲೆ ನೋಡಲು ಯಾವ ತಾಣ, ಗೊತ್ತಿಲ್ಲದ ಶಬ್ದಗಳಿಗೆ ಅರ್ಥ ಎಲ್ಲಿ ಸಿಗುತ್ತದೆ, ತೆರಿಗೆ ಲೆಕ್ಕ ಹಾಕಿಕೊಡುವುದು ಯಾವುದು, ಕಳಿಸಿದ ಕಾಯಿನ್ ತಲುಪಿತೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಬಹುದಾದ ತಾಣ ಯಾವುದು. ಕಾಯಿನ್ ಇಟ್ಟುಕೊಳ್ಳುವ ವ್ಯಾಲೆಟ್ ಆ್ಯಪಿಗೆ ಅವರು ಇಟ್ಟ ಹೆಸರು ಸಂಚಿ. ಸಂಚಿ ತೆರೆಯುವ ಹನ್ನೆರಡು ಗುಟ್ಟಿನ ಇಂಗ್ಲಿಷ್ ಶಬ್ದಗಳನ್ನು ಬರೆದಿಟ್ಟುಕೊಳ್ಳಬೇಕಲ್ಲ, ಅದಕ್ಕಾಗಿ ಎರಡು ಶನಿವಾರ ಬರೀ ಸ್ಪೆಲ್ಲಿಂಗ್ ಬರೆಸಿದರು. ಐವತ್ತು ದಾಟಿದ ಹೆಂಗಸರು ಕೈ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದರು, ಪಕ್ಕದವಳು ಕಾಪಿ ಹೊಡೆಯದ ಹಾಗೆ.

ಸುಳ್ಳು ದುಡ್ಡಿನಲ್ಲಿ ಕೊಂಡು ಮಾರಿ ಅಭ್ಯಾಸ ಮಾಡುವ ಆ್ಯಪ್ ಒಂದಿತ್ತು. ಅದು ಎಲ್ಲರಿಗೂ ಹತ್ತು ಲಕ್ಷ ಕೊಡುತ್ತಿತ್ತು. ಒಂದು ಶನಿವಾರ ಕಾಕು ಅಳುಮುಖ ಮಾಡಿಕೊಂಡು ಬಂದರು.

"ನನ್ನ ಹತ್ತ ಲಕ್ಷ ಹೋತ್ರೀ ಅಕ್ಕೋರ! ಎರಡ ದಿನ ಊಟ ಸೇರಿಲ್ಲ."

"ಅದು ಸುಳ್ಳ ರೊಕ್ಕ ಐತವಾ."

"ಸುಳ್ಳಾದ್ರೇನ್ರಿ? ಹತ್ತ ಲಕ್ಷ ನಾ ಜನ್ಮದಾಗ ಕಂಡಿದ್ದಿಲ್ಲ."

"ಎರಡ ದಿನ ಉಪಾಸ ಇದ್ದದ್ದು ಖರೆ ಅಲ್ಲ? ಅದ ಇವತ್ತಿನ ಪಾಠ. ಬರ್ಕೋರಿ ಎಲ್ಲಾರೂ" ಎಂದರು ಅಕ್ಕೋರು.

ನೋಟ್‌ಬುಕ್ಕಿಗೆ ಒಂದು ತಾಣದ ವಿಳಾಸ ಸೇರಬೇಕಾದರೆ ಅವರದೊಂದು ನಿಯಮವಿತ್ತು. ಇಬ್ಬರು ಅದನ್ನು ಅಕ್ಷರ ಅಕ್ಷರವಾಗಿ ಓದಬೇಕು. ಆಮೇಲೆ ಅಕ್ಕೋರು ತಮ್ಮ ಸ್ವಂತ ದುಡ್ಡು ಸ್ವಲ್ಪ ಹಾಕಿ, ತೆಗೆದು, ಸರಿ ಎನಿಸಿದರೆ ಉಳಿದವರು. ಮೊದಲು ಓದುವವರು ಅವರು. ಎರಡನೆಯವಳು ನಾನು. ನನಗೆ ಅದರಿಂದ ಹೆಮ್ಮೆಯೂ ಇತ್ತು, ಸ್ವಲ್ಪ ನಗೆಯೂ ಇತ್ತು. ನಮ್ಮ ಆಫೀಸಿನಲ್ಲಿ ಅವರ ನಕಲು ಮಾಡಿ ತೋರಿಸಿದ್ದೇನೆ. ಮೂಗನ್ನು ಮೊಬೈಲಿಗೆ ತಾಗಿಸಿ. ಎಲ್ಲರೂ ನಕ್ಕಿದ್ದರು.

ಅವರ ಹಳೆಯ ಫೋನ್ ಕೆಟ್ಟಿತು. ಹೊಸದರಲ್ಲಿ ಸಂಚಿಯನ್ನು ಮತ್ತೆ ಇಳಿಸಿಕೊಳ್ಳಬೇಕಿತ್ತು. ನನಗೊಂದು ಲಿಂಕ್ ಕಳಿಸಿ, ಜೊತೆಗೆ ದನಿಯಲ್ಲಿ ಹೇಳಿ ಕಳಿಸಿದರು: "ಇದು ಸಂಚಿಯವರದ ಹೌದೋ ಅಲ್ಲೋ ನೋಡವಾ. ಒಂದೊಂದ ಅಕ್ಷರ ಓದು. ನನ್ನ ಕಣ್ಣ ನಾ ನಂಬೂದಿಲ್ಲ ಈಗ."

ನಾನು ಹೆಬ್ಬೆರಳಿನ ಚಿತ್ರ ಕಳಿಸಿದೆ. ಸರಿ ಇದೆ ಎಂದು.

ಬಹಳ ಕಾಲ ನಾನು ಇದನ್ನು ನನಗೇ ಹೀಗೆ ಹೇಳಿಕೊಂಡಿದ್ದೆ: ದಾದರಿನಲ್ಲಿ ಲೋಕಲ್ ಬದಲಿಸುತ್ತಿದ್ದೆ, ಗದ್ದಲ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನ್, ಓದಲು ಆಗುವ ಸ್ಥಿತಿಯೇ ಅಲ್ಲ. ಆ ನೂಕುನುಗ್ಗಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆ ಸಂದೇಶ ಬಂದದ್ದು ಭಾನುವಾರ. ನಾನು ದಿನಚರಿ ಬರೆಯುವವಳು, ಆ ಪುಟ ತೆಗೆದು ನೋಡಿದೆ. ಎರಡೇ ಸಾಲು. "ಫ್ಯಾನ್ ರಿಪೇರಿ ಆಯಿತು. ಮಧ್ಯಾಹ್ನ ಒಳ್ಳೆಯ ನಿದ್ದೆ."

ಆ ವಿಳಾಸದಲ್ಲಿ ಎಂ ಇರಬೇಕಾದಲ್ಲಿ ಆರ್ ಮತ್ತು ಎನ್ ಪಕ್ಕಪಕ್ಕ ಇದ್ದವು. ಚಿಕ್ಕ ಅಕ್ಷರದಲ್ಲಿ ಎರಡೂ ಕೂಡಿ ಎಂ ಎಂದೇ ಕಾಣುತ್ತಿದ್ದವು. ಪೊರೆ ಬಂದ ಕಣ್ಣಿಗೆ ಅದು ಸಿಗುವಂಥದ್ದಲ್ಲ. ನನ್ನ ಕಣ್ಣಿಗೆ, ಓದಿದ್ದರೆ, ಸಿಗುತ್ತಿತ್ತು. ಅದು ಸಂಚಿಯವರ ತಾಣವೇ ಅಲ್ಲ, ಕಳ್ಳರು ಕಟ್ಟಿದ ಪ್ರತಿ. ಅಕ್ಕೋರು ನನ್ನ ಹೆಬ್ಬೆರಳು ನೋಡಿ, ಹನ್ನೆರಡು ಶಬ್ದಗಳನ್ನು ಅಲ್ಲಿ ತುಂಬಿದರು. ಸಂಚಿ ಖಾಲಿಯಾಯಿತು.

ಹೋದದ್ದು ಅವರದೊಬ್ಬರದೇ ದುಡ್ಡು, ದೊಡ್ಡ ಮೊತ್ತವೂ ಅಲ್ಲ. ಆದರೆ ಆ ಹೆಂಗಸರು ಅಳಿಯನ ಗುಂಪು ಬಿಟ್ಟು ಅಕ್ಕೋರ ಚಾಪೆಯ ಮೇಲೆ ಬಂದು ಕೂತದ್ದು ಒಂದೇ ಕಾರಣಕ್ಕೆ: ಇವರು ಓದಿ ಹೇಳುತ್ತಾರೆ ಎಂದು.

ಮುಂದಿನ ಶನಿವಾರ ನಾನೂ ಹೋದೆ. ಅಕ್ಕೋರು ಅದನ್ನೇ ಪಾಠ ಮಾಡಿದರು. ವರ್ಗಾವಣೆ ನೋಡುವ ತಾಣ ತೆರೆದು ಎಲ್ಲರಿಗೂ ತೋರಿಸಿದರು. "ನೋಡ್ರಿ, ಇಲ್ಲಿಂದ ಹೊಂಟು ಇಲ್ಲಿಗಿ ಹೋಗೇತಿ. ಕಳ್ಳನ ಸಂಚಿ ವಿಳಾಸ ಕಾಣ್ತೈತಿ, ಮಾರಿ ಕಾಣೂದಿಲ್ಲ. ನಾ ಓದೂದ್ರಾಗ ತಪ್ಪಿದೆ."

ಕಾಕು ಬಿಡಲಿಲ್ಲ. "ಇಬ್ಬರು ಓದಬೇಕಂತ ನಿಮ್ಮ ನೇಮ ಅಲ್ರಿ? ಇನ್ನೊಬ್ರು ಯಾರು?"

ಕುಕ್ಕರಿನ ಸೀಟಿ, ಹೊರಗೆ ರಿಕ್ಷಾದ ಸದ್ದು, ಇವೆಲ್ಲ ಇದ್ದವೇ ಅಥವಾ ಈಗ ಬರೆಯುವಾಗ ಬರುತ್ತಿವೆಯೇ, ತಿಳಿಯದು. ನಾನು ಬಾಯಿ ತೆರೆಯಲಿಲ್ಲ ಎನ್ನುವುದು ಮಾತ್ರ ಖಚಿತ. ಅಕ್ಕೋರು ನನ್ನ ಕಡೆ ತಿರುಗದೆ ಹೇಳಿದರು:

"ಆ ದಿನ ನಾ ಒಬ್ಬಾಕಿನ ಓದಿದ್ದೆ."

"ಓದಿಸಾಕಿನ ನೇಮ ಮುರದ್ರ ಮುಗೀತು ಬಿಡ್ರಿ" ಎಂದರು ಕಾಕು. ನಗುತ್ತಲೇ ಅಂದರು. ಯಾರೂ ನಗಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಕ್ಷಮೆ ಕೇಳಲು ನಿಂತೆ. ಮಾತು ಹೊಂದಿಸಿಕೊಳ್ಳುವುದರೊಳಗೆ ಅವರೇ ನೋಟ್‌ಬುಕ್ ನನ್ನ ಕೈಯಲ್ಲಿ ಇಟ್ಟರು. "ನನ್ನ ಮ್ಯಾಲಿನ ನಂಬಿಕಿ ಇವತ್ತಿಗೆ ಹೋತು. ನಿನ್ನ ಮ್ಯಾಲ ಇನ್ನೂ ಐತಿ. ಇಬ್ಬರದೂ ಹೋಗೂದು ಬ್ಯಾಡ ಅಂತ ಹಂಗ ಹೇಳಿದೆ. ಮುಂದಿನ ಶನಿವಾರದಿಂದ ನೀ ತಗೋ ಕ್ಲಾಸ್. ಇಲ್ಲಾಂದ್ರ ಅವರೆಲ್ಲ ಆ ಅಳಿಯನ ಕಡೆ ಹೊಳ್ಳಿ ಹೋಗ್ತಾರ."

ಅಂದರೆ ಅದು ನನ್ನ ಮೇಲಿನ ಕರುಣೆಯಲ್ಲ. ಕ್ಲಾಸು ಉಳಿಯಲೆಂದು ಅವರು ತಮ್ಮ ಹೆಸರನ್ನೇ ಬಿಟ್ಟುಕೊಟ್ಟಿದ್ದರು. ನನಗೆ ಅದು ಆ ಕ್ಷಣಕ್ಕೇ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಬರೆಯಲು ಕೈ ತುಡಿಯುತ್ತದೆ, ಆದರೆ ಆಗಿತ್ತು. "ನೋಡ್ತೀನಿ ಅಕ್ಕೋರ, ಆಫೀಸಿನ್ಯಾಗ ಭಾಳ ಕೆಲಸ ಐತಿ" ಎಂದೆ.

ನಾನು ಹೋಗಲಿಲ್ಲ. ಒಂದು ಶನಿವಾರ ನಾಲ್ವರು ಬಂದು ಅರ್ಧ ಗಂಟೆ ಕಾದು ಹೋದರಂತೆ. ಕೆಲವು ವಾರಗಳಲ್ಲಿ ಮೂವರು ಅಳಿಯನ ಗುಂಪಿಗೆ ಮರಳಿದರು. ಅವನ ಗುಂಪು ಒಂದು ದಿನ ಮುಚ್ಚಿಹೋಯಿತು, ಅವನ ಫೋನೂ ಬಂದ್. ಆ ಮೂವರಲ್ಲಿ ಕಾಕುವೂ ಒಬ್ಬರು. ಈ ಸಲ ಹೋದದ್ದು ಸುಳ್ಳು ದುಡ್ಡಲ್ಲ. ಆಮೇಲೆ ನಾನು ಅಕ್ಕೋರ ಬಿಲ್ಡಿಂಗಿನ ಗೇಟು ಬಿಟ್ಟು, ಸುತ್ತುಬಳಸಿ ಸ್ಟೇಶನ್ನಿಗೆ ಹೋಗಲು ಶುರು ಮಾಡಿದೆ.

ಅಕ್ಕೋರು ತೀರಿಹೋದದ್ದು ಮರುವರ್ಷ, ನಿದ್ದೆಯಲ್ಲೇ. ಅವರ ಮನೆಯಲ್ಲೇ ಒಂದು ಸಂಜೆ ಎಲ್ಲರೂ ಸೇರಿದ್ದರು. ಶಾಲೆಯ ಹಳೆಯ ವಿದ್ಯಾರ್ಥಿನಿ ಎಂದು ನನ್ನನ್ನೂ ಮಾತಾಡಲು ಹೇಳಿದರು. ನಾಲ್ಕನೇ ಇಯತ್ತೆಯ ಬಗ್ಗೆ ಚೆನ್ನಾಗಿಯೇ ಮಾತಾಡಿದೆ. ಕಾಕು ಕಣ್ಣೊರೆಸಿಕೊಂಡು ಹೇಳಿದರು: "ಕಣ್ಣ ಪೂರ್ತಿ ಹೋಗಿತ್ತು ಪಾಪ. ಆದ್ರ ಹಟಾ ನೋಡ್ರಿ, ಒಬ್ರನ್ನ ಕೇಳಾಕಿ ಅಲ್ಲ. ಒಂದ ಮಾತ ಯಾರನ್ನರ ಕೇಳಿದ್ರ ಅವತ್ತ ಹಂಗ ಆಗತಿದ್ದಿಲ್ಲ." ಸುತ್ತಲಿದ್ದವರು ಹೌದು ಹೌದೆಂದು ತಲೆ ಆಡಿಸಿದರು.

ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನಾನು ಕಾಕುವಿಗೆ ಹೇಳಿದೆ. ಕೇಳಿದ್ದರು, ನನ್ನನ್ನೇ ಕೇಳಿದ್ದರು, ನಾನು ಓದದೆ ಸರಿ ಎಂದೆ ಎಂದು.

ಕಾಕು ಮೆಟ್ಟುತ್ತಿದ್ದ ಚಪ್ಪಲಿ ಬಿಟ್ಟು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೂ ಅನಿಸಿತ್ತು.

"ನನಗ ಒಬ್ಬಾಕಿಗೆ ಯಾಕ ಹೇಳ್ತಿ? ಒಳಗ ಎಲ್ಲಾರೂ ಇನ್ನೂ ಕುಂತಾರ. ಹೋಗಿ ಹೇಳು" ಎಂದರು.

ಆಗಲೇ ನಾನು ಒಂದು ಚಪ್ಪಲಿ ಮೆಟ್ಟಿಕೊಂಡಿದ್ದೆ. ಇನ್ನೊಂದನ್ನೂ ಮೆಟ್ಟಿಕೊಂಡೆ.