ಶೇಷಾಚಾರ್ರ ವಿಮಾನದ ಪುಸ್ತಕ

ವಿಮಾನದ ಸದ್ದು ಕೇಳಿದರೆ ನಾವೆಲ್ಲ ಸದ್ದು ಬಂದ ಕಡೆಗೆ ತಲೆ ಎತ್ತುತ್ತೇವೆ. ಶೇಷಾಚಾರ್ರು ಹಾಗೆ ಮಾಡುತ್ತಿರಲಿಲ್ಲ. ಮಾನ್ವಿಯ ಅಂಚಿನಲ್ಲಿದ್ದ ಸಣ್ಣ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು, ಸದ್ದೇ ಇಲ್ಲದ ಬೇರೊಂದು ಮೂಲೆಯ ಆಕಾಶವನ್ನು ನೋಡುತ್ತಿದ್ದರು. ನಾನು ಹುಡುಕಿ ಸೋತು, ಕೊನೆಗೆ ಅವರ ಬೆರಳಿನ ಗುರಿ ಹಿಡಿದು ನೋಡಿದರೆ ಅಲ್ಲಿ ಅಕ್ಕಿಕಾಳಿನಷ್ಟು ವಿಮಾನ ಇರುತ್ತಿತ್ತು.

“ಸದ್ದು ಬಂದ ಕಡಿ ನೋಡಬಾರದ್ರೀ ಮಾಸ್ತರ,” ಎನ್ನುತ್ತಿದ್ದರು. “ಅದು ನಮ್ಮ ಕಿವಿಗೆ ಬರೂದ್ರಾಗ, ಹೋಗೂದು ಮುಂದ ಹೋಗಿರ್ತದ.”

ನಾನು ವಿಜ್ಞಾನದ ಮಾಸ್ತರ. ಇದರಲ್ಲಿ ಪವಾಡ ಏನೂ ಇಲ್ಲ ಅನ್ನುವುದು ನನಗೆ ಗೊತ್ತು. ಸದ್ದು ನಿಧಾನ, ವಿಮಾನ ಜೋರು, ಇಷ್ಟೇ ವಿಷಯ. ಎಂಟನೆಯ ತರಗತಿಗೆ ಬೋರ್ಡಿನ ಮೇಲೆ ಬಾಣ ಬರೆದು ಹೇಳಿಕೊಟ್ಟವನೇ ನಾನು. ಆದರೂ ಅವರು ಆ ಮಾತನ್ನು ತಣ್ಣಗೆ ಹೇಳುವಾಗ, ಸುಡುವ ಬಿಸಿಲಲ್ಲೂ ನನ್ನ ಮೈ ಸಣ್ಣಗೆ ಜುಮ್ಮೆನ್ನುತ್ತಿತ್ತು.

ದೇವದುರ್ಗದಿಂದ ಮಾನ್ವಿಗೆ ವರ್ಗವಾಗಿ ಬಂದು ಅವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಮೊದಲ ವಾರವೇ ಅಂಚೆಯವನು ಒಂದು ಇಂಗ್ಲಿಷ್ ಪತ್ರಿಕೆ ತಂದುಕೊಟ್ಟ. ಮುಖಪುಟದ ತುಂಬ ಮೂತಿ ಮೇಲೆತ್ತಿದ ವಿಮಾನ. ವಿಳಾಸದಲ್ಲಿ ‘ಶೇಷಾಚಾರ್, ಅರ್ಚಕರು’ ಎಂದಿತ್ತು. ಎಲ್ಲಿಯೋ ತಪ್ಪಾಗಿದೆ ಎಂದು ನಾನು ವಾಪಸು ಕೊಡಹೊರಟಾಗ, ಆಚಾರ್ರ ಹೆಂಡತಿ ಅಂಬಕ್ಕ ಒಳಗಿನಿಂದಲೇ ಕೂಗಿ ಹೇಳಿದರು.

“ಅದು ನಮ್ಮನೀದರೀ, ಇಸಗೋರಿ. ಊರಾಗ ಹಾರೂದು ಕಾಗಿ, ಗುಬ್ಬಿ. ಇವರಿಗೆ ಮಾತ್ರ ವಿಮಾನದ ಪುಸ್ತಕ ಬೇಕು.”

ನಮ್ಮ ಕಡೆ ಮದುವೆ, ಮನೆ, ದೂರದ ಪ್ರಯಾಣ, ಏನೇ ಇರಲಿ, ಹೊರಡುವ ಮುಂಚೆ ದೇವರ ಹತ್ತಿರ ಪ್ರಸಾದ ಕೇಳುತ್ತಾರೆ. ಅರ್ಚಕರು ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಕೇಳುವವರು ಎದುರು ಕೈಮುಗಿದು ನಿಲ್ಲುತ್ತಾರೆ. ಬಲಗಡೆಯ ಹೂ ಬಿದ್ದರೆ ಅಪ್ಪಣೆ ಆಯಿತು, ಎಡಗಡೆಯದು ಬಿದ್ದರೆ ಬೇಡ. ಶೇಷಾಚಾರ್ರ ಹನುಮಪ್ಪ ಇದರಲ್ಲಿ ಬಲು ನಿಕ್ಕಿ ಎಂದು ಹೆಸರಾಗಿದ್ದ. ಆಚಾರ್ರದ್ದೂ ಒಂದು ನಿಯಮ ಇತ್ತು. ಯಾವುದರ ಬಗ್ಗೆ ಕೇಳುತ್ತಿದ್ದಾರೋ ಅದು ತಮ್ಮ ಕಣ್ಣಿಗೆ ಕಟ್ಟಬೇಕು. ಹೊಲದ ವಿಷಯವಾದರೆ ಹೋಗಿ ಹೊಲ ನೋಡಿ ಬರುತ್ತಿದ್ದರು. ಹೆಣ್ಣಿನ ವಿಷಯವಾದರೆ ಫೋಟೋ ತರಿಸುತ್ತಿದ್ದರು. ಬಸ್ಸಿನ ಪ್ರಯಾಣಕ್ಕೆ ತೊಂದರೆ ಇರಲಿಲ್ಲ, ಬಸ್ಸು ಯಾರು ತಾನೇ ನೋಡಿಲ್ಲ?

ಒಮ್ಮೆ ಕಲ್ಮಲದ ಒಬ್ಬ ನರ್ಸಬಾಯಿ ಗಲ್ಫಿಗೆ ಕೆಲಸಕ್ಕೆ ಹೊರಟವಳು ಬಂದು ಕೇಳಿದಳಂತೆ. ಹೂವು ಬಲಕ್ಕೇ ಬಿತ್ತು, ಆಕೆ ಸುಖವಾಗಿ ಹೋಗಿ ಮುಟ್ಟಿದಳು. ಆದರೆ ಆಚಾರ್ರಿಗೆ ನಾಲ್ಕು ದಿನ ಊಟ ಸೇರಲಿಲ್ಲ. “ಒಳಗ ಹೆಂಗಿರ್ತದ, ಎಲ್ಲಿ ಕೂಡ್ತಾರ, ಎಲ್ಲಿಂದ ಏರ್ತಾರ, ಒಂದೂ ಗೊತ್ತಿಲ್ಲ. ಓದಲಾರದ ಕಾಗದಕ್ಕ ಸಹಿ ಹಾಕಿದಂಗ ಆತು,” ಎಂದರು ನನಗೆ. ಅಂದಿನಿಂದ ಈ ಪತ್ರಿಕೆ.

ಫೋನಿನಲ್ಲಿ ಬೇಕಾದಷ್ಟು ಚಿತ್ರ ಸಿಗುತ್ತವಲ್ಲ ಆಚಾರ್ರೇ, ಇಷ್ಟು ತುಟ್ಟಿ ಪುಸ್ತಕ ಯಾಕೆ ಎಂದು ನಾನು ಕಾಡಿಸಿದ್ದುಂಟು. ಅವರು ನನ್ನ ಫೋನನ್ನು ದೂರದಿಂದಲೇ ನೋಡಿ, “ಅಂಗೈಯಷ್ಟು ವಿಮಾನದಾಗ ಆರಡಿ ಮನುಷ್ಯಾನ್ನ ಹೆಂಗ ಕೂಡಸಲಿ?” ಎಂದು ಕೇಳಿದರು.

ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಓದಿ ಹೇಳುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಅಂಚೆಯಲ್ಲಿ ಬಂದ ಪುಸ್ತಕ ಮೈಲಿಗೆ. ಆಚಾರ್ರು ಸ್ನಾನ ಮಾಡಿ ಒದ್ದೆ ಪಂಚೆ ಉಟ್ಟು ಮಡಿಯಲ್ಲಿದ್ದಾಗ ಅದನ್ನು ಮುಟ್ಟುವಂತಿಲ್ಲ. ಆದರೆ ಗರ್ಭಗುಡಿಗೆ ಹೋಗುವ ಮುಂಚೆ ಆ ವಿಮಾನವನ್ನು ಒಮ್ಮೆ ನೋಡಲೇಬೇಕು. ಹಾಗಾಗಿ ನಾನು ಹೊಸ್ತಿಲ ಹೊರಗೆ ನಿಂತು, ಪುಸ್ತಕವನ್ನು ಎದೆಯ ಎತ್ತರಕ್ಕೆ ಬಿಡಿಸಿ ಹಿಡಿಯುತ್ತಿದ್ದೆ. “ಮ್ಯಾಲೆ ಹಿಡೀರಿ. ಈಗ ಹೊಳ್ಳಿಸ್ರಿ. ಅದಽ, ಅದಽ, ನಿಲ್ಲಸ್ರಿ,” ಎನ್ನುತ್ತ, ಪಂಚೆಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆ ಕಣ್ಣು ಕಿರಿದು ಮಾಡಿ ನೋಡಿ, ತುಂಬಿದ ಕೊಡ ಹೊತ್ತವರ ಹಾಗೆ ಅಲುಗಾಡದೆ ಒಳಗೆ ಹೋಗುತ್ತಿದ್ದರು. ನನ್ನ ಸಹೋದ್ಯೋಗಿಗಳು ಯಾರಾದರೂ ನೋಡಿದರೆ ಏನು ಗತಿ ಎಂದು ನನಗೆ ನಾಚಿಕೆಯಾಗುತ್ತಿತ್ತು. ಆದರೆ ಬಿಟ್ಟು ಬರುವ ಮನಸ್ಸೂ ಆಗುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಪತ್ರಿಕೆಯ ನಡುವೆ ಚಂದಾ ಮುಂದುವರಿಸುವ ಚೀಟಿ ಬರುತ್ತಿತ್ತು. ಆಗ ಮನೆಯಲ್ಲಿ ಒಂದು ವಾರ ಪಂಚಾಯ್ತಿ. ಅಂಬಕ್ಕನದು ಪ್ರತಿ ಸಲವೂ ಒಂದೇ ವಾದ: “ವರ್ಷಕ್ಕ ಮೂರು ಮಂದಿ ವಿಮಾನದ ಪ್ರಸಾದ ಕೇಳ್ತಾರ. ಮೂರು ಮಂದಿಗೆ ಹನ್ನೆರಡು ಪುಸ್ತಕ ಯಾವ ಲೆಕ್ಕ?” ಆಚಾರ್ರದೂ ಒಂದೇ ಜವಾಬು: “ಆ ಮೂರು ಮಂದಿಗೆ ಇರೂದು ಒಂದೊಂದು ಜೀವ ಅಲ್ಲೇನು?” ಕೊನೆಗೆ ನಾನು ಚೀಟಿ ತುಂಬಿ ಕಳಿಸುತ್ತಿದ್ದೆ. ಬಸಣ್ಣ ಸಾಹುಕಾರರ ಪ್ರಸಂಗ ನಡೆಯುವವರೆಗೆ ಹೀಗೇ ಸಾಗಿತು.

ಬಸಣ್ಣ ಸಾಹುಕಾರರದು ಅಕ್ಕಿ ಗಿರಣಿ. ಗಟ್ಟಿ ಆಳು, ದೊಡ್ಡ ದನಿ. ಹೈದರಾಬಾದಿನಿಂದ ವಿಮಾನದಲ್ಲಿ ಕಾಶಿಗೆ ಹೋಗಬೇಕೆಂದು ಬೀಗರೊಡನೆ ಟಿಕೆಟ್ ತೆಗೆಸಿದ್ದರು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಗುಡಿಗೆ ಬಂದರು.

“ಜಲ್ದಿ ಕೇಳ್ರಿ ಆಚಾರ್ರ. ಗಿರಣ್ಯಾಗ ಲಾರಿ ನಿಂತಾವ. ಯಾಕೋ ಸೆಕಿ ಭಾಳ ಆಗಾಕತ್ತೈತಿ,” ಎಂದು ಎಡಗೈ ತಿಕ್ಕಿಕೊಳ್ಳುತ್ತ ನಿಂತರು.

ಆಚಾರ್ರು ಟಿಕೆಟ್ಟಿನಲ್ಲಿದ್ದ ವಿಮಾನದ ಹೆಸರು ಕೇಳಿದರು. ನಾನು ಪುಸ್ತಕದಲ್ಲಿ ಹುಡುಕಿ ಹಿಡಿದೆ. ರೆಕ್ಕೆಯ ತುದಿ ಮೇಲಕ್ಕೆ ಬಾಗಿದ್ದ ವಿಮಾನ. ಆಚಾರ್ರು ಬಹಳ ಹೊತ್ತು ನೋಡಿದರು, ಮುಂದಿನ ಪುಟ ಕೇಳಿದರು, ಮತ್ತೆ ಹಿಂದಿನದು ಕೇಳಿದರು. ಒಳಗೆ ಹೋಗಿ ಹೂವಿಟ್ಟರು. ಎಡಗಡೆಯ ಹೂವು ಕಿತ್ತು ಎಸೆದ ಹಾಗೆ ಬಿತ್ತು.

“ಈ ವಿಮಾನದಾಗ ಬ್ಯಾಡ್ರಿ ಸಾಹುಕಾರ್ರ,” ಎಂದರು ಆಚಾರ್ರು.

ಸಾಹುಕಾರರು ಗೊಣಗಿದರೂ ಮೀರಲಿಲ್ಲ. ಬೀಗರಷ್ಟೇ ಹೋದರು. ಮರುದಿನ ಮಧ್ಯಾಹ್ನ, ವಿಮಾನ ಏರಬೇಕಾದ ಹೊತ್ತಿಗೆ ಸರಿಯಾಗಿ, ಸಾಹುಕಾರರು ಗಿರಣಿಯ ಕುರ್ಚಿಯಲ್ಲಿ ಕೂತಲ್ಲೇ ತಲೆ ವಾಲಿಸಿದರು. ನೀರು ತರುವಷ್ಟರಲ್ಲಿ ಜೀವ ಇರಲಿಲ್ಲ. ವಿಮಾನ ಸುರಕ್ಷಿತವಾಗಿ ಇಳಿಯಿತು. ಬೀಗರು ಯಾತ್ರೆಯನ್ನು ಅರ್ಧಕ್ಕೇ ಬಿಟ್ಟು ಮರಳಿ ಬಂದು, ಕಾಶಿಯಿಂದ ತಂದ ಗಂಗೆಯನ್ನು ಅವರ ಸಮಾಧಿಯ ಮೇಲೆ ಸುರಿದರು.

ಊರವರು ಹನುಮಪ್ಪನನ್ನು ಕೊಂಡಾಡಿದರು. ಪರವೂರಿನಲ್ಲಿ, ಆಕಾಶದಲ್ಲಿ ಸಾಯುವವನನ್ನು ತನ್ನ ಮಣ್ಣಿನಲ್ಲಿ ಉಳಿಸಿದ ಎಂದರು. ಆಚಾರ್ರು ಮಾತ್ರ ಆ ಸಂಜೆ ಕಟ್ಟೆಯ ಮೇಲೆ ಕೂತು ನನ್ನನ್ನು ಕೇಳಿದರು: “ಅವನ ಮಾರಿ ಹೆಂಗಿತ್ತು ಮಾಸ್ತರ, ನಿಮಗ ನೆನಪದ ಏನು?”

ನೆನಪಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಹಣೆಯಲ್ಲಿ ಬೆವರಿತ್ತು ಎಂದೆ.

“ಹೂವು ಮನುಷ್ಯಾನ ಮಾತು ಹೇಳ್ತು. ನಾನು ವಿಮಾನದ ಮಾತು ಅಂತ ತಿಳಕೊಂಡೆ. ಈ ಪುಸ್ತಕ ಇರದಿದ್ದರ ಅವನ ಮಾರಿ ನೋಡ್ತಿದ್ದೆ. ರಾಯಚೂರಿನ ದವಾಖಾನಿಗೆ ಹೋಗಪಾ ಅಂತಿದ್ದೆ.” ಅವರ ದನಿ ನಡುಗಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಅಲ್ಲಿಂದ ಮುಂದೆ ಆಚಾರ್ರು ಬದಲಾದರು. ಯಾರು ಏನು ಕೇಳಲು ಬಂದರೂ ಮೊದಲು ಅವರ ಮುಖವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎಮ್ಮೆ ಕೊಳ್ಳಲೋ ಬೇಡವೋ ಎಂದು ಕೇಳಲು ಬಂದವನು ಆ ನೋಟಕ್ಕೆ ಬೆದರಿ, ಎಮ್ಮೆಯೂ ಬೇಡ ಪ್ರಸಾದವೂ ಬೇಡ ಎಂದು ಹೊರಟುಹೋದ. ಗುಡಿಗೆ ಜನ ಕಡಿಮೆಯಾದರು. ಪುಸ್ತಕಗಳು ಬರುತ್ತಿದ್ದವು, ಕವರು ಒಡೆಯದೆ ಗೋಡೆಯ ಮಾಡಿನಲ್ಲಿ ಕೂಡುತ್ತಿದ್ದವು.

ಹೀಗಿರುವಾಗ ಮತ್ತೆ ಚಂದಾ ಚೀಟಿಯ ಹೊತ್ತಾಯಿತು, ನಾನೇ ಒಂದು ಕವರು ಒಡೆದು ಅದನ್ನು ತೆಗೆದೆ. ಈ ಸಲ ಅಂಬಕ್ಕ ಸುಮ್ಮನಿದ್ದರು, ಆಚಾರ್ರೇ ಹೊಯ್ದಾಡಿದರು. ಒಂದು ದಿನ, ಪುಸ್ತಕ ಕಣ್ಣಿಗೆ ಮುಸುಕು ಎನ್ನುವರು. ಮರುದಿನ, ಅದಿಲ್ಲದೆ ನಾಳೆ ಯಾರಾದರೂ ಬಂದು ಕೇಳಿದರೆ ಮತ್ತೆ ಕುರುಡನೇ ಎನ್ನುವರು. ಮೂರು ವಾರ ಇದೇ ಆಯಿತು. ನನಗೂ ಬೇಸರ ಬಂದಿತ್ತು. ಹನುಮಪ್ಪನನ್ನೇ ಕೇಳಿಬಿಡಿ ಎಂದೆ.

“ಅರ್ಚಕ ತನ್ನ ಸಲುವಾಗಿ ತಾ ಕೇಳಬಾರದು. ನೀವು ಕೇಳ್ರಿ, ನಾ ಹೂವ ಇಡ್ತೀನಿ.”

ನಂಬಿಕೆ ಇಲ್ಲದ ನಾನು, ಕಿರಿಕಿರಿ ಮುಗಿದರೆ ಸಾಕೆಂದು ಒಪ್ಪಿದೆ. ಬೆಳಗಿನ ಎಂಟು ಗಂಟೆ ಇರಬೇಕು. ಗುಡಿಯಲ್ಲಿ ನಾವಿಬ್ಬರೇ. ಕಂಕುಳಲ್ಲಿ ಚೀಟಿಯಿದ್ದ ಪುಸ್ತಕ ಹಿಡಿದುಕೊಂಡೇ ಹೊಸ್ತಿಲಾಚೆ ಕೈಮುಗಿದೆ. ಆಚಾರ್ರ ಈ ಪುಸ್ತಕ ಮುಂದುವರಿಯಲೋ ಬೇಡವೋ ಎಂದು ಮನಸ್ಸಿನಲ್ಲಿ ಅಂದುಕೊಳ್ಳಲು ಶುರುಮಾಡಿದ್ದೆ ಅಷ್ಟೇ. ಗಾಳಿ ಇರಲಿಲ್ಲ. ನಂದಾದೀಪದ ಕುಡಿ ನೆಟ್ಟಗಿತ್ತು. ಎಡಗಡೆಯ ಹೂವು ಬಿತ್ತು.

ಆಚಾರ್ರು ಬಿದ್ದ ಹೂವನ್ನು ನೋಡಲಿಲ್ಲ. ಅಭಿಷೇಕದ ತಂಬಿಗೆಯ ಮೇಲೆ ಬಾಗಿ, ಅದರ ನೀರನ್ನು ಬಹಳ ಹೊತ್ತು ನೋಡಿದರು. ಕಸ ಬಿದ್ದಿರಬೇಕು ಎಂದುಕೊಂಡೆ.

“ಬ್ಯಾಡ ಅಂದ,” ಎಂದರು ಹೊರಬಂದು. “ಆತು, ಹಗುರ ಆತು.”

ನನಗೂ ಹಗುರವೇ ಆಯಿತು. ಚೀಟಿ ಹರಿದು, ಅಂಬಕ್ಕ ಗೆದ್ದರು ಬಿಡ್ರಿ ಎಂದು ಚೇಷ್ಟೆ ಮಾಡಿದೆ. ಆಚಾರ್ರು ನಕ್ಕರು. ಅದೇ ತಿಂಗಳು ನನಗೆ ರಾಯಚೂರಿಗೆ ವರ್ಗವಾಯಿತು. ಹೊರಟ ದಿನ ಬಸ್‌ಸ್ಟ್ಯಾಂಡಿನವರೆಗೂ ಬಂದು, ಬಸ್ಸು ತಿರುಗುವ ತನಕ ನನ್ನ ಮುಖ ನೋಡುತ್ತ ನಿಂತಿದ್ದರು. ಎರಡು ತಿಂಗಳಿಗೆ ಅವರು ತೀರಿಕೊಂಡರೆಂದು ಫೋನು ಬಂತು. ಬೆಳಗಿನ ಪೂಜೆ ಮುಗಿಸಿ, ಕಟ್ಟೆಯ ಮೇಲೆ ಕೂತಲ್ಲೇ ಹೋಗಿದ್ದರು.

ಹದಿಮೂರನೆಯ ದಿನ ಹೋದೆ. ಊಟದ ಗದ್ದಲ ಮುಗಿದ ಮೇಲೆ ಅಂಬಕ್ಕ ಕವರು ಒಡೆಯದ ಒಂದು ಸಂಚಿಕೆ ತಂದು ನನ್ನ ಮುಂದಿಟ್ಟರು. ಚಂದಾದ ಕೊನೆಯ ಸಂಚಿಕೆ.

“ಇದು ಇನ್ನೂ ಬರ್ತದೇನ್ರೀ ಮಾಸ್ತರ?”

“ಇಲ್ಲ ಅಂಬಕ್ಕ. ಆವತ್ತು ಪ್ರಸಾದ ಕೇಳಿದ್ವಲ್ಲ, ಬ್ಯಾಡ ಅಂತ ಆತು,” ಎಂದೆ. ಹೇಳುತ್ತಿದ್ದಂತೆಯೇ ಬಸಣ್ಣ ಸಾಹುಕಾರರಿಗೆ ಬಿದ್ದ ಹೂವು ನೆನಪಾಯಿತು.

ಅಂಬಕ್ಕ ಹೇಳಿದರು: “ಅವತ್ತ ಮನಿಗೆ ಬಂದು, ಗುಡಿ ಕೀಲಿ ಯಾರಿಗೆ ಕೊಡಬೇಕು ಅಂತ ನನಗ ಹೇಳಿದ್ರು. ಯಾಕ ಅಂದೆ. ‘ನೀರಾಗ ನನ್ನ ಮಾರಿ ನೋಡಿದೆ, ಬಸಣ್ಣಂದಿದ್ದಂಗ ಇತ್ತು’ ಅಂದ್ರು. ದವಾಖಾನಿಗೆ ನಡೀರಿ ಅಂತ ಕೈ ಹಿಡಕೊಂಡೆ, ಕೇಳಲಿಲ್ಲ. ‘ಮಾಸ್ತರಿಗೆ ಹೇಳಬ್ಯಾಡ. ಅವರು ಪುಸ್ತಕದ ಮಾತು ಕೇಳ್ಯಾರ, ಪುಸ್ತಕದ ಜವಾಬು ತೊಗೊಂಡು ಹೋಗ್ಲಿ’ ಅಂದ್ರು.”

ಗುಡಿಯ ಕಟ್ಟೆಗೆ ಬಂದು ಕೂತೆ. ಆ ಬೆಳಿಗ್ಗೆ ನನ್ನ ಕಂಕುಳಲ್ಲಿದ್ದ ಸಂಚಿಕೆಯ ಮುಖಪುಟ ಚೆನ್ನಾಗಿ ನೆನಪಿದೆ. ನೀಲಿ ಬಾಲದ ವಿಮಾನ, ಕೆಳಗೆ ಮಂಜಿನ ಬೆಟ್ಟ. ಹೊಸ್ತಿಲಿನಿಂದ ಹೊರಬಂದ ಆಚಾರ್ರ ಮುಖ ಹೇಗಿತ್ತು ಎಂದು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ನಾನು ನೋಡಿಯೇ ಇರಲಿಲ್ಲ. ಬಸಣ್ಣ ಸಾಹುಕಾರರ ಮುಖದ ಬೆವರು ನೆನಪಿಟ್ಟವನಿಗೆ ಏಳು ವರ್ಷ ಒಂದೇ ಅಂಗಳದಲ್ಲಿದ್ದವರ ಮುಖ ಕಾಣಲಿಲ್ಲ. ಅತ್ತುಬಿಟ್ಟೆ.

ಆಗ ಮೇಲೆ ವಿಮಾನದ ಸದ್ದು ಬಂತು. ಸದ್ದು ಬಂದ ಕಡೆಗೆ ನೋಡದೆ, ಅವರು ತೋರಿಸುತ್ತಿದ್ದ ಹಾಗೆ ಮುಂದಕ್ಕೆ ನೋಡಿದೆ. ಸದ್ದು ತಲೆಯ ಮೇಲೆ ಹಾದು ಪೂರ್ತಿ ಆರುವ ತನಕ ಹುಡುಕಿದೆ. ಆಕಾಶದಲ್ಲಿ ಏನೂ ಇರಲಿಲ್ಲ.