ಹಗೇವು ಕಾಯ್ದ ಶೇಕದಾರರು

ಮೈಸೂರು ಸಂಸ್ಥಾನದ ಕಂದಾಯ ಇಲಾಖೆಯಲ್ಲಿ ಅಮಲ್ದಾರರ ಹೆಸರು ಶಂಕುಸ್ಥಾಪನೆಯ ಕಲ್ಲಿನಲ್ಲಿ ಉಳಿಯುತ್ತದೆ, ಶ್ಯಾನುಭೋಗರ ಹೆಸರು ಕಡತದಲ್ಲಿ ಉಳಿಯುತ್ತದೆ. ಇವರಿಬ್ಬರ ನಡುವೆ ಹೋಬಳಿಯ ಧೂಳಿನಲ್ಲಿ ತಿರುಗುತ್ತ, ಮೇಲಿನವರ ಗದರಿಕೆಯನ್ನೂ ಕೆಳಗಿನವರ ಗೊಣಗಾಟವನ್ನೂ ಒಂದೇ ರುಮಾಲಿನ ಮೇಲೆ ಹೊರುವ ಶೇಕದಾರರ ಹೆಸರು ಮಾತ್ರ ವರ್ಗವಾದ ಮರುದಿನವೇ ಅಳಿಸಿಹೋಗುತ್ತದೆ. ಈ ಮಾತಿಗೆ ಅಪವಾದವಾಗಿ ನಾಲ್ಕು ತಾಲ್ಲೂಕುಗಳ ಜನರ ಬಾಯಲ್ಲಿ ಉಳಿದವರು ಶ್ರೀಮಾನ್ ಚನ್ನಮಲ್ಲಯ್ಯನವರು. ಮೂವತ್ತೈದು ವರ್ಷಗಳ ಸೇವೆಯ ನಂತರ ಈ ವ್ಯಯ ಸಂವತ್ಸರದಲ್ಲಿ ಅವರು ನಿವೃತ್ತರಾಗುತ್ತಿರುವ ಸಂದರ್ಭಕ್ಕೆ ಈ ಅಭಿನಂದನ ಸಂಪುಟ ಸಿದ್ಧವಾಗಿದೆ.

ಮಧುಗಿರಿಯ ಕೋಟೆ ಬೀದಿಯಲ್ಲಿ ಹುಟ್ಟಿದ ಅವರು ೧೯೧೧ರಲ್ಲಿ ಪಾವಗಡದ ತಾಲ್ಲೂಕು ಕಚೇರಿಗೆ ನಕಲು ಗುಮಾಸ್ತರಾಗಿ ಸೇರಿದರು. ಅಲ್ಲಿ ತೆಲುಗು ಕಲಿತರು. ಮುಂದೆ ಸಿರಾದಲ್ಲಿ ಉರ್ದು ಕಲಿತರು. ಸಿಟ್ಟು ಬಂದಾಗ ಮೂರನ್ನೂ ಕಲಸಿ ಬಯ್ಯುತ್ತಿದ್ದರೆಂದು ಅವರ ಕೈಕೆಳಗೆ ದುಡಿದವರು ಇಂದಿಗೂ ನಗುತ್ತಾರೆ. ಸಿಟ್ಟು ಮೂಗಿನ ತುದಿಯಲ್ಲಿದ್ದರೂ ಮನಸ್ಸು ಬೆಣ್ಣೆ. ಇನ್‌ಫ್ಲುಯೆಂಜಾ ಜ್ವರದ ವರ್ಷ ಸಿರಾದ ಓಣಿಗಳಲ್ಲಿ ಮನೆಮಂದಿಯೆಲ್ಲ ಮಲಗಿದ್ದ ಕಡೆ ಗಂಜಿಯ ತಪ್ಪಲೆ ಹೊತ್ತು ಬಾಗಿಲು ತಟ್ಟಿದವರು ಅವರೇ. ಯಾರ ಮನೆ, ಯಾವ ಕುಲ ಎಂದು ಕೇಳಿದವರಿಗೆ ಅವರು ಉತ್ತರ ಕೊಟ್ಟದ್ದು ಯಾರಿಗೂ ನೆನಪಿಲ್ಲ.

ಅವರ ಹೆಸರು ಬೆಳೆದದ್ದು ಶೇಕದಾರರಾಗಿ ಹೋದ ಪುರವರ ಹೋಬಳಿಯಲ್ಲಿ. ಅಂಗೀರಸ ಸಂವತ್ಸರದ ಆಶ್ವಯುಜದಲ್ಲಿ ಮೂರು ದಿನ ಬಿಡದೆ ಸುರಿದ ಮಳೆಗೆ ಮೇಲಿನ ಕೆರೆಯೊಂದರ ಏರಿ ಕಿತ್ತು, ಜಯಮಂಗಲಿಯ ದಡದಲ್ಲಿದ್ದ ಹೊನ್ನಕಟ್ಟೆಪಾಳ್ಯದೊಳಕ್ಕೆ ನೀರು ನುಗ್ಗಿತು. ಹಗಲು ಹೊತ್ತಾದ್ದರಿಂದ ಜನ, ದನ ಉಳಿದವು. ನಲವತ್ತಮೂರು ಮಣ್ಣಿನ ಮಾಳಿಗೆ ಮನೆಗಳು ಮಾತ್ರ ಬೆಲ್ಲದಂತೆ ಕರಗಿಹೋದವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಕಚೇರಿಗಳ ಹಳೆಯ ಚಾಳಿ. ಚನ್ನಮಲ್ಲಯ್ಯನವರು ಹುಕುಮಿಗೆ ಕಾಯಲಿಲ್ಲ. ಕೊರಟಗೆರೆಯ ತೋಟಗಳಿಂದ ಗಾಡಿಗಟ್ಟಲೆ ತೆಂಗಿನ ಗರಿ, ಸಿರಾದ ಮಗ್ಗಗಳಿಂದ ಕಂಬಳಿ, ಮಿಡಿಗೇಶಿಯ ಕಡೆಯಿಂದ ಬಾದೆಹುಲ್ಲು ತರಿಸಿ, ಊರಿನಿಂದ ಅರ್ಧ ಹರದಾರಿ ದೂರದ ದಿಣ್ಣೆಯ ಮೇಲೆ ನಾಲ್ಕೇ ದಿನಗಳಲ್ಲಿ ನಲವತ್ತಮೂರು ಗುಡಿಸಲುಗಳನ್ನು ಎಬ್ಬಿಸಿದರು.

ಆದರೆ ಗುಡಿಸಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಕೂಸು ಕುನ್ನಿಯನ್ನು ಕಟ್ಟಿಕೊಂಡು ಊರೆಲ್ಲ ಕೆಸರಿನ ದಿಬ್ಬಗಳ ಮೇಲೆ ಕೂತೇ ಇತ್ತು. ದೇವರಾಯನದುರ್ಗದ ಕಡೆ ಮತ್ತೆ ಮೋಡ ಕಟ್ಟುತ್ತಿತ್ತು. ಇನ್ನೊಮ್ಮೆ ಹೊಳೆ ಏರಿದರೆ ಈ ಬಾರಿ ಜನ ಉಳಿಯುವುದಿಲ್ಲವೆಂದು ಅವರಿಗೆ ಖಚಿತವಾಗಿತ್ತು. ಬಯ್ದರು, ಗದರಿದರು, ಕೈ ಮುಗಿದರು. ಕಡೆಗೆ ಕರಿಬಸಮ್ಮನೆಂಬ ಮುದುಕಿ ಕೂತಲ್ಲಿಂದಲೇ ಹೇಳಿದಳು: "ನಮ್ ಒಟ್ಟೆ ಈ ನೆಲದೊಳಗೈತೆ ಸ್ವಾಮಿ. ಅದನ್ನ ಬುಟ್ಟು ನಿಮ್ ಗುಡಿಸ್ಲಾಗೆ ಹೆಂಗೆ ನಿದ್ದೆ ಮಾಡಾನ?"

ಅವಳು ಹೇಳಿದ್ದು ಹಗೇವಿನ ಮಾತು. ಅಂಗಳದ ಗಟ್ಟಿ ನೆಲದಲ್ಲಿ ಬಾವಿಯಂತೆ ತೋಡಿ, ವರ್ಷದ ರಾಗಿಯನ್ನೆಲ್ಲ ತುಂಬಿ, ಕಿರಿದಾದ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವ ನೆಲದಡಿಯ ಕಣಜ ಅದು. ಎಲ್ಲಿದೆಯೆಂಬುದು ಮನೆಯವರಿಗೆ ಮಾತ್ರ ಗೊತ್ತು. ಗೋಡೆಗಳೇ ಬಿದ್ದುಹೋದ ಮೇಲೆ ಯಾರು ಬೇಕಾದರೂ ಬಂದು ಅಗೆಯಬಹುದಾದ ಬಯಲಿನಲ್ಲಿ, ಬೀಜವೂ ಅನ್ನವೂ ಆದ ಆ ರಾಗಿಯನ್ನು ಬಿಟ್ಟು ಅವರು ಏಳಲಾರರಾಗಿದ್ದರು. ಓದು ಬಲ್ಲ ಶೇಕದಾರರಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಅವರು ಆಮೇಲೆ ಬಹಳ ನಾಚಿಕೊಂಡರು.

"ನಿಮ್ಮ ಹಗೇವು ಎಲ್ಲಿದೆ ಅಂತ ನನಗೆ ತೋರಿಸಬೇಡಿ. ಊರಿಗೆ ಊರನ್ನೇ ನಾನು ಕಾಯ್ತೀನಿ. ನೀವು ದಿಣ್ಣೆ ಹತ್ತಿ" ಎಂದರು.

"ನೀವು ಸರ್ಕಾರದೋರು. ಇವತ್ತು ಇರ್ತೀರ, ನಾಳೀಕೆ ವರ್ಗ ಆಗೋಯ್ತೀರ" ಎಂದಳು ಮುದುಕಿ.

ಅವರು ಹೋಗಿ, ಗುಡಿಯ ಮುರಿದ ಜಗಲಿಯ ಮೇಲೆ ಕಂಬಳಿ ಹಾಸಿ ಕೂತರು. ಸ್ವಲ್ಪ ಹೊತ್ತು ನೋಡಿ ಪಾಲಪ್ಪನೆಂಬ ಬೇಸಾಯಗಾರ ಮೊದಲು ಎದ್ದ. ಹೆಂಡತಿ ಆಂಜಿನಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ದಿಣ್ಣೆಗೆ ನಡೆದ. ಅವನ ಹಿಂದೆ ಒಂದೊಂದೇ ಮನೆ ಎದ್ದಿತು, ಕಡೆಗೆ ಕರಿಬಸಮ್ಮನೂ ಎದ್ದಳು. ಆ ಸಂಜೆಯೇ ಹೊಳೆ ಎರಡನೆಯ ಸಲ ಏರಿ, ಜನ ಕೂತಿದ್ದ ದಿಬ್ಬಗಳನ್ನೆಲ್ಲ ಕೊಚ್ಚಿತು. ನೀರು ಜಗಲಿಯ ಮೇಲಕ್ಕೂ ಬಂದು ಮೊಳಕಾಲು ಮುಟ್ಟಿದಾಗ ಅವರು ಕಂಬ ತಬ್ಬಿ ನಿಂತರೇ ಹೊರತು ಕದಲಲಿಲ್ಲ. ಎಂಟು ದಿನ ಅಲ್ಲೇ ಲಿಂಗಪೂಜೆ, ಅಲ್ಲೇ ದಿಣ್ಣೆಯಿಂದ ಬಂದ ಮುದ್ದೆಯ ಊಟ. ನಾಲ್ಕು ತಾಲ್ಲೂಕುಗಳ ಜನ ಹಾಡಿ ಹೊಗಳುವುದು ಇಷ್ಟನ್ನು. ಸಂಪುಟ ಸಮಿತಿ ಬರೆಯಹೇಳಿದ್ದೂ ಇಷ್ಟನ್ನೇ.

ಆದರೆ ಇಷ್ಟಕ್ಕೇ ನಿಲ್ಲಿಸುವುದಾದರೆ ತಮ್ಮ ಹೆಸರಿನಲ್ಲಿ ಸಂಪುಟವೇ ಬೇಡವೆಂದು ಚನ್ನಮಲ್ಲಯ್ಯನವರು ಹಟ ಹಿಡಿದರು. ಒಂಬತ್ತನೆಯ ದಿನದ ಸಂಗತಿಯೂ ಅಚ್ಚಾಗಬೇಕು ಎಂದರು. ಶುಭಕಾರ್ಯದಲ್ಲಿ ಅಶುಭವೇಕೆಂದು ಸಮಿತಿಯ ಮಹಾಲಿಂಗಯ್ಯನವರು ಬಹಳ ಹೇಳಿ ನೋಡಿದರು. ಫಲವಾಗಲಿಲ್ಲ. ಆದ್ದರಿಂದ ಅದನ್ನೂ ಬರೆಯಬೇಕಾಗಿದೆ.

ಒಂಬತ್ತನೆಯ ಬೆಳಿಗ್ಗೆ ಹೊಳೆ ಇಳಿದಿತ್ತು. ಹಗೇವುಗಳಿಗೆ ನೀರು ಜಿನುಗಿರುವುದು ಚಪ್ಪಡಿಯ ಸಂದಿನ ಹುಳಿ ವಾಸನೆಯಿಂದಲೇ ತಿಳಿಯುತ್ತಿತ್ತು. ರಾಗಿ ಮೊಳಕೆ ಒಡೆದರೆ ದಿಣ್ಣೆಯ ಜನಕ್ಕೆ ಅನ್ನವೂ ಇಲ್ಲ, ಬಿತ್ತಲು ಬೀಜವೂ ಇಲ್ಲ. ಆ ದಿನವೇ ತೆಗೆದು ಬಿಸಿಲಿಗೆ ಹರಡಿ ಎಂದು ಚನ್ನಮಲ್ಲಯ್ಯನವರು ಅವಸರಪಡಿಸಿದರು. ಮುಚ್ಚಿದ ಹಗೇವಿನಲ್ಲಿ, ಅದರಲ್ಲೂ ನೆನೆದ ಕಾಳಿರುವಾಗ, ಕೆಟ್ಟ ಗಾಳಿ ಕಟ್ಟಿರುತ್ತದೆ. ಒಂದು ದಿನ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು ರೈತರ ಪದ್ಧತಿ.

"ಒಂದಿನ ಗಾಳಿ ಆಡ್ಲಿ ಬುದ್ಧಿ" ಎಂದ ಪಾಲಪ್ಪ.

"ನಾಳೆ ಮಳೆ ಬಂದರೆ ಏನು ಮಾಡ್ತೀಯ? ಇಳಿ, ಇಳಿ" ಎಂದರು ಅವರು.

ಪಾಲಪ್ಪ ಒಂದು ಗಳಿಗೆ ಅವರ ಮುಖ ನೋಡಿ, ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಎರಡು ಮಂಕರಿ ರಾಗಿ ಮೇಲೆ ಬಂತು, ಮೂರನೆಯದು ಬರಲಿಲ್ಲ. ಹಗ್ಗ ಹಿಡಿದು ಎಳೆದಾಗ ಬಂದದ್ದು ಹೆಣ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅಂದಿನಿಂದ ಯಾರಾದರೂ ನಗೆಗೆ ಆಡಿದರೂ ಅವರು ಎದ್ದು ಹೋಗುತ್ತಾರೆ.

ಪ್ರವಾಹದಲ್ಲಿ ಒಂದು ಜೀವವೂ ಹೋಗಲಿಲ್ಲವೆಂದು ಮೇಲಿನವರು ವರದಿ ಬರೆದರು. ಶೇಕದಾರರಿಗೆ ಪ್ರಶಂಸೆಯೂ ಬಂತು. ಒಬ್ಬ ಸತ್ತಿದ್ದಾನೆ, ತನ್ನ ಅವಸರದಿಂದ ಸತ್ತಿದ್ದಾನೆ ಎಂದು ಇವರು ಮೂರು ಸಲ ಬರೆದು ಕಳಿಸಿದರು. ಅದು ನೀರಿನ ಸಾವಲ್ಲವಾದ್ದರಿಂದ ಸೇರಿಸಲಾಗದು ಎಂಬ ಹಿಂಬರಹದೊಡನೆ ಮೂರೂ ಸಲ ಕಾಗದ ಹಿಂದಕ್ಕೆ ಬಂತು. ಆರು ತಿಂಗಳಿಗೆ ಗುಡಿಸಲು ಕೀಳಬೇಕೆಂಬ ಹುಕುಮು ಬಂದಾಗ ಉಳಿದವರ ಮನೆಗಳೆಲ್ಲ ಎದ್ದಿದ್ದವು, ಆಂಜಿನಮ್ಮನದು ತಳಪಾಯದಲ್ಲೇ ಇತ್ತು. ಅವಳ ಮನೆಗೆ ಮಾಳಿಗೆ ಹಾಕಿ ಮುಗಿಯುವವರೆಗೂ ಅವರು ಹುಕುಮನ್ನು ಜಾರಿ ಮಾಡಲಿಲ್ಲ. ರಜದ ದಿನಗಳಲ್ಲಿ ಬಂದು, ಪಂಚೆ ಎತ್ತಿ ಕಟ್ಟಿ, ಗೋಡೆಯ ಮಣ್ಣನ್ನು ಊರವರೊಡನೆ ತಾವೂ ತುಳಿದರು. ಆಮೇಲೆ ವರ್ಗವಾದ ಹೋಬಳಿಗಳಲ್ಲೆಲ್ಲ ಹಗೇವು ತೆಗೆಯುವ ದಿನ ಲಾಂದ್ರ ಹಿಡಿದು ಹೋಗಿ ಬಾಯಿಯ ಬಳಿ ನಿಲ್ಲುತ್ತಿದ್ದರು. ದೀಪ ಇಳಿಸದೆ ಒಬ್ಬರನ್ನೂ ಇಳಿಯಗೊಡಲಿಲ್ಲ. ಲಾಂದ್ರದ ಶೇಕದಾರನೆಂದು ಜನ ಗೇಲಿ ಮಾಡಿದರು, ಮಾಡಲಿ. ಈ ಹದಿನಾಲ್ಕು ವರ್ಷಗಳಲ್ಲಿ ಅವರು ನಿಂತ ಕಡೆ ಒಂದು ಸಾವೂ ಆಗಿಲ್ಲ.

ಇದನ್ನು ಅಚ್ಚು ಹಾಕಲು ಪಾಲಪ್ಪನ ಮನೆಯವರು ಒಪ್ಪಬೇಕಷ್ಟೆ. ಮಹಾಲಿಂಗಯ್ಯನವರು ಕಳೆದ ತಿಂಗಳು ಹೊನ್ನಕಟ್ಟೆಪಾಳ್ಯಕ್ಕೆ ಹೋಗಿ ಆಂಜಿನಮ್ಮನನ್ನು ಕೇಳಿದರು. ಆಕೆ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳಂತೆ.

"ಬರ್ಕಳಿ" ಎಂದಳಂತೆ ಆಮೇಲೆ. "ಬ್ಯಾರೆ ಯಾರೇ ಯೋಳಿದ್ರೂ ನಮ್ಮೋರು ಅವತ್ತು ಇಳೀತಿರ್ನಿಲ್ಲ. ಎಂಟು ದಿನ ನಮಗೋಸ್ಕರ ನೀರಾಗೆ ನಿಂತೋರು ಯೋಳವ್ರೆ ಅಂತ ಇಳುದ್ರು. ಅದ್ನೂ ಬರ್ಕಳಿ."

ಅಭಿನಂದನೆಯ ಕೊನೆಗೆ ದೀರ್ಘಾಯುಷ್ಯ ಕೋರುವುದು ವಾಡಿಕೆ. ತಾವು ಏನು ಕೋರುತ್ತೀರೆಂದು ಮಹಾಲಿಂಗಯ್ಯನವರು ಆಕೆಯನ್ನು ಅಳುಕುತ್ತಲೇ ಕೇಳಿದರು. ಆಕೆಯ ಮಾತನ್ನು ಹಾಗೆಯೇ ಇಲ್ಲಿ ಕೊಟ್ಟಿದೆ: "ನೂರು ವರ್ಸ ಬಾಳ್ಲಿ. ರಿಟೈರ್ ಆದೆ ಅಂತ ಮನೇಲಿ ಕೂತ್ಕಬಾರ್ದು. ಬಾಳೋಗಂಟ ಹಗೇವು ತೆಗಿಯೋ ಕಡೆ ಬಂದು ನಿಂತ್ಕಬೇಕು."

ನಾಲ್ಕು ತಾಲ್ಲೂಕುಗಳ ಗೆಳೆಯರ ಹಾರೈಕೆಯೂ ಇದೇ. ಮತ್ತು ಅವರು ಬಯಸಿದಂತೆ, ವರದಿಗೆ ಸೇರದ ಸಾಲು ಇಲ್ಲಿ ಅಚ್ಚಾಗುತ್ತಿದೆ: ಅಂಗೀರಸ ಸಂವತ್ಸರದ ಪ್ರವಾಹ, ಹೊನ್ನಕಟ್ಟೆಪಾಳ್ಯ. ಬಿದ್ದ ಮನೆಗಳು ನಲವತ್ತಮೂರು. ತೀರಿಕೊಂಡವರು ಒಬ್ಬರು, ಪಾಲಪ್ಪನವರು.