ಮಂಡಕ್ಕಿ ಅತ್ತಿ ಅಳತಿ

ನೀವು ನಂಬಲ್ಲ ಬಿಡ್ರಿ, ಕಣ್ಣಾರೆ ನೋಡದಿದ್ರ ನಾನೂ ನಂಬ್ತಿರಲಿಲ್ಲ. ನಮ್ಮ ಮಂಡಕ್ಕಿ ಅತ್ತಿ ಕೆಳತುಟಿಗೆ ಬೀಡಿ ಅಂಟಿಕೊಂಡೇ ಹುಟ್ಟಿತ್ತು. ಗಿರಾಕಿ ಜೋಡಿ ಜಗಳಾಡ್ಲಿ, ಸೀನ್ಲಿ, ಆಕಳಿಸ್ಲಿ, ಬೀಳ್ತಿರಲಿಲ್ಲ. ಹರಪನಹಳ್ಳಿ ಕಡೆ ನಮ್ಮ ಅರಸೀಕೆರ್‍ಯಾಗ ಎದ್ದ ಹೊಗಿ ಮಂಡಕ್ಕಿ ಭಟ್ಟಿದೋ ಅತ್ತಿ ಮೂಗಿಂದೋ, ದೇವರಿಗೂ ಗೊತ್ತಾಗ್ತಿರಲಿಲ್ಲ.

ಅತ್ತಿ ಅಂದ್ರ ಸಂಬಂಧ ಏನಿಲ್ಲ, ಇಬ್ಬರ ಮನಿಗೂ ಗ್ವಾಡಿ ಒಂದ. ಊರೆಲ್ಲ ನನ್ನ ಬಾಯಿಬಡಕಿ ಅಂದ್ರ, ಆಕಿ ಒಬ್ಬಾಕಿ "ಇನ್ನೊಂದ್ಸಲ ಮಾಡಲೇ" ಅಂತಿದ್ಲು. ಯಾರನ್ನಾರ ಅಣಕಿಸಿ ತೋರಿಸಿದ್ರ ಬಿಸಿ ಮಂಡಕ್ಕಿ ಕೊಡ್ತಿದ್ಲು. ತಕ್ಕಡಿ ಕಂಡ್ರ ಆಕಿಗೆ ಆಗ್ತಿರಲಿಲ್ಲ. ತೂಕ ಕಲ್ಲಿಗೆ, ಮಂಡಕ್ಕಿಗೆ ಅಳತಿ ಅಂತ ಸೇರಿನ ಮ್ಯಾಲೆ ಗುಡ್ಡ ಏರಿಸಿ ಸುರುವ್ತಿದ್ಲು.

ಮೊದಲ್ನೇ ಹೆರಿಗ್ಯಾಗ ಸತ್ತು ಬದುಕಿದಾಕಿ. ಆ ಹೆಣ್ಣುಕೂಸು ಗುಂಡುಕಲ್ಲಿನಂಗಿತ್ತಂತ. ಎರಡ್ನೇದು ಹೊಟ್ಯಾಗಿದ್ದಾಗ ನರ್ಸಮ್ಮ ಬಂದು ಬೀಡಿ ಕಸಕೊಂಡು ಒಗೆದ್ರು. ಸೇದಿದ್ರ ಕೂಸಿಗೆ ಸರಿಯಾಗಿ ರಕ್ತ ಹೋಗಲ್ಲ, ತೂಕ ಹಿಡಿಯಲ್ಲ, ಸಣ್ಣದು ಹುಟ್ಟತೈತಿ ಅಂತ ಬಿಡಿಸಿ ಹೇಳಿದ್ರು. ಅತ್ತಿ ಮಾರಿ ಅರಳಿತು.

"ಹಂಗಾರ ಹೆರಿಗಿ ಸಲೀಸು ಅನ್ರಿ."

ನರ್ಸಮ್ಮ ಹಣಿ ಬಡಕೊಂಡು, ಅಂಥ ಕೂಸಿಗೆ ಉಸಿರಾಡಾಕೂ ತ್ರಾಣ ಇರಲ್ಲವ್ವ ಅಂದ್ರು. ಅತ್ತಿ ಹೂಂ ಅಂದ್ಲು. ಅವ್ರು ಓಣಿ ತಿರುಗೋದೇ ತಡ ಇನ್ನೊಂದು ಹಚ್ಚಿದ್ಲು, ಗುಳಿಗಿ ನುಂಗಿದಂಗ. ಇದನ್ನ ನಾ ಸಾಲ್ಯಾಗ ಮಾಡಿ ತೋರಿಸಿದ್ರ ಮಾಸ್ತರೂ ನಕ್ಕಿದ್ರು.

ಹೆರಿಗಿ ಸಲೀಸೇ ಆತು, ಹರಪನಹಳ್ಳಿ ದವಾಖಾನ್ಯಾಗ. ತಿಂಗಳು ತುಂಬಿದ ಗಂಡುಕೂಸು, ಎರಡು ಕೆಜಿನೂ ತೂಗಲಿಲ್ಲ. ಗಾಜಿನ ಪೆಟ್ಟಿಗ್ಯಾಗ ಮಲಗಿಸಿದ್ರು. ಅತ್ತಿ ಡಾಕ್ಟರ್ ಮುಂದ ನಿಂತು ಬೆರಳು, ಕಣ್ಣು, ಕಿವಿ ಎಲ್ಲಾ ತೋರಿಸಿ ಕೇಳಿದ್ಲಂತ: "ಅಳತಿಗೆ ಎಲ್ಲಾ ಸರಿ ಅದಾವಲ್ರಿ, ತೂಕ ಯಾಕ ನೋಡ್ತೀರಿ?"

ಒಂದಿನ ನಮ್ಮವ್ವನ್ನ ಕೂಸಿನ ಕಾವಲಿಗೆ ಬಿಟ್ಟು, ಜ್ವರ ಬಂದ ಮಗಳನ್ನ ನೋಡಾಕ ಅತ್ತಿ ಊರಿಗೆ ಬಂದ್ಲು. ಮಗಳು ಮಲಗಿದ ಮ್ಯಾಲೆ ಆರಿದ ಭಟ್ಟಿ ಮುಂದ ಕುಂತ್ಲು. ತುಟಿಗೆ ಬೀಡಿ ಇತ್ತು, ಹಚ್ಚಿರಲಿಲ್ಲ.

"ಏನಾರ ಮಾಡಿ ತೋರ್ಸಲೇ," ಅಂದ್ಲು. "ಎದಿ ಭಾರ ಆಗೇತಿ."

ನನಗ ಅಷ್ಟು ಸಾಕಾಗಿತ್ತು. ಅರಿವ್ಯಾಗ ಮಂಡಕ್ಕಿ ಕಟ್ಟಿ, ಕೂಸು ತೂಗೋಹಂಗ ಜೋತುಬಿಟ್ಟು, ಒಂದು ಕಣ್ಣು ಮುಚ್ಚಿ ನರ್ಸಮ್ಮನಂಗ ಮೂಗಿನಾಗ ಅಂದೆ: "ಏನವ್ವ, ಕೂಸು ಹಡೆದೇನು, ಮಂಡಕ್ಕಿ ಹುರದೇನು?"

ಅತ್ತಿ ನಕ್ಕಳು. ಅಷ್ಟು ದಿನದ್ದೆಲ್ಲ ಸೇರಿಸಿ, ಕಣ್ಣಾಗ ನೀರು ಬರೋಹಂಗ ನಕ್ಕಳು. ಬೀಡಿ ಅಲ್ಲಾಡಿತು, ಬೀಳಲಿಲ್ಲ.

ಬಾಗಲದಾಗ ನಮ್ಮವ್ವ ನಿಂತಿದ್ಲು. ದವಾಖಾನ್ಯಾಗ ಇರಬೇಕಾದಾಕಿ. ಕೈಯಾಗ ಕೂಸಿನ ಕುಲಾಯಿ ಒಂದ ಇತ್ತು.

ಅತ್ತಿ ತುಟಿಯಿಂದ ಬೀಡಿ ಬಿತ್ತು.

ನನ್ನ ಕೈಯಾಗಿನ ಗಂಟು ಇಳಿಸ್ಬೇಕು ಅಂತ ನನಗ ಹೊಳೀಲೇ ಇಲ್ಲ. ತೂಕಾನೇ ಇರಲಿಲ್ಲ ಅದಕ್ಕ.